ತಂದೆಯ ವಹಿ, ಮಗನ ಸಹಿ



ನಾವು ತಾಂಡೂರಿನಲ್ಲಿ ತೊಗರಿ ವ್ಯಾಪಾರ ಮಾಡಿಕೊಂಡು ಬಂದವರು. ಬೀಗರು ಜಹೀರಾಬಾದಿನವರು, ಅಕ್ಕನನ್ನು ಕೊಟ್ಟದ್ದು ನಾರಾಯಣಖೇಡಕ್ಕೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಹಳೆಯ ಗಿರಾಕಿಗಳೊಡನೆ ಉರ್ದು, ಹೀಗೆ ಗಡಿಭಾಗದ ವ್ಯಾಪಾರಿಗಳ ಬಾಳು ನಡೆದಿದೆ. ಮೆಟ್ರಿಕ್ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕೂತ ನಾವು ಸಾವಿರಾರು ಕೋಟಿ ರೂಪಾಯಿಗಳ ಕಂಪನಿಗಳ ಬಗ್ಗೆ ಬರೆಯುವುದು ಅಧಿಕಪ್ರಸಂಗ ಎನಿಸಬಹುದು. ಆದರೆ ಸೊನ್ನೆಗಳು ಎಷ್ಟೇ ಇರಲಿ, ಸಾಲ, ಬಡ್ಡಿ, ಜಾಮೀನು ಇವುಗಳ ಸ್ವಭಾವ ಒಂದೇ. ಅದಕ್ಕಾಗಿ ಧೈರ್ಯ ಮಾಡಿದ್ದೇವೆ.

ಈ ಲೇಖನಕ್ಕೆ ಕಾರಣವಾದದ್ದು ನಮ್ಮ ಮನೆಯ ಒಂದು ಸಂಗತಿ. ಹೋದ ವರ್ಷ ತೊಗರಿ ಸುಗ್ಗಿ ಮುಗಿಯುವ ಹೊತ್ತಿಗೆ ನಮ್ಮ ಕಿರಿಯ ಮಗ ಒಂದು ಕಟ್ಟು ಕಾಗದ ತಂದು ನಮ್ಮ ಮುಂದೆ ಇಟ್ಟ. ಪಕ್ಕದ ಬೇಳೆ ಮಿಲ್ಲು ಮಾರಾಟಕ್ಕೆ ಬಂದಿತ್ತು. ಬ್ಯಾಂಕಿನವರು ಸಾಲ ಕೊಡಲು ಸಿದ್ಧರಿದ್ದರು. ನಮ್ಮ ಸಹಿ, ಹಿರಿಯ ಮಗನ ಸಹಿ, ಮನೆಯ ಪತ್ರ, ಇಷ್ಟು ಬೇಕಾಗಿತ್ತು. "ಅಪ್ಪಾ, ಈಗ ಕೈ ಬಿಟ್ರ ಮತ್ತ ಸಿಗಂಗಿಲ್ಲ. ಎಲ್ಲಾರೂ ಹಿಂಗೇ ದೊಡ್ಡವರಾಗ್ಯಾರ" ಎಂದ. ನಾವು ಪೆನ್ನು ಕೈಗೆ ತೆಗೆದುಕೊಂಡು ಮತ್ತೆ ಕೆಳಗಿಟ್ಟೆವು. ಆ ರಾತ್ರಿ ಅವನನ್ನು ಕೂರಿಸಿಕೊಂಡು ಕನ್ನಡ ನಾಡಿನದೇ ಒಂದು ತಂದೆ-ಮಗನ ಕಥೆ ಹೇಳಿದೆವು. ಅದೇ ವಿಠ್ಠಲ ಮಲ್ಯ ಮತ್ತು ವಿಜಯ ಮಲ್ಯರ ಕಥೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ಅವರ ಮುಖ್ಯ ವ್ಯಾಪಾರ ಮದ್ಯದ್ದು. ಮದ್ಯ ಸಪ್ತವ್ಯಸನಗಳಲ್ಲಿ ಒಂದು. ಶ್ರಾವಕನಿಗೆ ಅದರ ಸೇವನೆಯೂ ಸಲ್ಲದು, ವ್ಯಾಪಾರವೂ ಸಲ್ಲದು. ಆ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ. ನಾವು ಇಲ್ಲಿ ನೋಡುವುದು ಅವರು ಏನು ಮಾರಿದರು ಎಂಬುದನ್ನಲ್ಲ, ಹೇಗೆ ಕೊಂಡರು, ಹೇಗೆ ಕಳೆದುಕೊಂಡರು ಎಂಬುದನ್ನು.

ಕಂಪನಿಯನ್ನೇ ಕೊಳ್ಳುವವರು

ನಮ್ಮಂಥವರು ಸರಕು ಕೊಳ್ಳುತ್ತೇವೆ, ಮಾರುತ್ತೇವೆ. ಕೆಲವರು ಇಡೀ ಕಂಪನಿಯನ್ನೇ ಸರಕಿನಂತೆ ಕೊಳ್ಳುತ್ತಾರೆ. ಅದು ನಡೆಯುವ ಬಗೆ ಹೀಗೆ. ದೊಡ್ಡ ಕಂಪನಿಯ ಬಂಡವಾಳ ಷೇರುಗಳಾಗಿ ಹಂಚಿಹೋಗಿರುತ್ತದೆ. ಕಟ್ಟಿದ ಮನೆತನದ ಕೈಯಲ್ಲಿ ಎಷ್ಟೋ ಸಲ ನೂರಕ್ಕೆ ಇಪ್ಪತ್ತೋ ಮೂವತ್ತೋ ಪಾಲು ಮಾತ್ರ ಉಳಿದಿರುತ್ತದೆ. ಉಳಿದದ್ದು ಪೇಟೆಯಲ್ಲಿ ಓಡಾಡುತ್ತದೆ. ಹಣವುಳ್ಳವನೊಬ್ಬ ಅದನ್ನು ಸದ್ದಿಲ್ಲದೆ ಕೊಳ್ಳುತ್ತ ಬಂದು, ಒಂದು ದಿನ ತನ್ನ ಪಾಲೇ ಹೆಚ್ಚೆಂದು ತೋರಿಸಿ, ಹಳೆಯ ನಿರ್ದೇಶಕರನ್ನು ಇಳಿಸಿ ಗಾದಿಯ ಮೇಲೆ ಕೂರುತ್ತಾನೆ. ಒಪ್ಪಿ ಮಾರಿದರೆ ಅದು ಖರೀದಿ, ಒಪ್ಪದಿದ್ದಾಗ ನಡೆದರೆ ಲಗ್ಗೆ.

ನಮ್ಮ ದೇಶದಲ್ಲಿ ಇದು ಮನೆಮಾತಾದದ್ದು 1983ರಲ್ಲಿ. ಆಗ ಲಂಡನ್ನಿನ ಸ್ವರಾಜ್ ಪಾಲ್ ಅವರು ದಿಲ್ಲಿಯ ಡಿಸಿಎಂ ಮತ್ತು ಎಸ್ಕಾರ್ಟ್ಸ್ ಕಂಪನಿಗಳ ಷೇರುಗಳನ್ನು ಕೊಳ್ಳತೊಡಗಿ ಹಳೆಯ ಮನೆತನಗಳ ನಿದ್ದೆ ಕೆಡಿಸಿದರು. ಮುಂದೆ ಸರಕಾರ ಕಟ್ಟಳೆ ತಂದಿತು. 2011ರ ಸೆಬಿ ನಿಯಮದಂತೆ ಒಬ್ಬನ ಪಾಲು ನೂರಕ್ಕೆ 25 ಮುಟ್ಟಿದರೆ, ಅವನು ಉಳಿದ ಷೇರುದಾರರಿಂದ ಇನ್ನೂ 26 ಪಾಲನ್ನು ಬಹಿರಂಗವಾಗಿ ಕೊಳ್ಳಲು ಮುಂದೆ ಬರಬೇಕು. ಸಣ್ಣ ಷೇರುದಾರನಿಗೂ ಒಳ್ಳೆಯ ಬೆಲೆ ಸಿಗಲಿ ಎಂಬುದು ಇದರ ಉದ್ದೇಶ.

ತಂದೆ

ಮಲ್ಯರ ಮೂಲ ದಕ್ಷಿಣ ಕನ್ನಡದ ಬಂಟ್ವಾಳ. ವಿಠ್ಠಲ ಮಲ್ಯರು ಹುಟ್ಟಿದ್ದು 1924ರಲ್ಲಿ ಢಾಕಾದಲ್ಲಿ. ತಂದೆ ಸೈನ್ಯದಲ್ಲಿ ವೈದ್ಯರಾಗಿದ್ದರು. ವಿಠ್ಠಲರು ಓದಿದ್ದು ಡೂನ್ ಶಾಲೆಯಲ್ಲಿ, ಆಮೇಲೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಸ್ವಾತಂತ್ರ್ಯ ಬರುವ ಕಾಲ. ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದರು. ಇನ್ನು ಮುಂದೆ ತಮ್ಮ ಕಂಪನಿಗಳ ಗತಿ ಏನೋ ಎಂಬ ಭಯದಿಂದ ಷೇರುಗಳನ್ನು ಮಾರುತ್ತಿದ್ದರು. ಅಂಥದರಲ್ಲಿ ಒಂದು ಯುನೈಟೆಡ್ ಬ್ರೂವರೀಸ್. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣದ ಐದು ಬಿಯರ್ ಕಾರ್ಖಾನೆಗಳನ್ನು ಕೂಡಿಸಿ 1915ರಲ್ಲಿ ಕಟ್ಟಿದ ಕಂಪನಿ ಅದು. ವಿಠ್ಠಲರು ಅದರ ಷೇರುಗಳನ್ನು ಕೊಂಡು 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಮರುವರ್ಷವೇ ಅಧ್ಯಕ್ಷರು. ಆಗ ಅವರಿಗೆ ವಯಸ್ಸು ಇಪ್ಪತ್ತನಾಲ್ಕು!

ಎಲ್ಲರೂ ಮಾರುವಾಗ ಕೊಳ್ಳುವುದು ಹಳೆಯ ವ್ಯಾಪಾರಿ ಬುದ್ಧಿ. ವಿಠ್ಠಲರು ಜೀವನವಿಡೀ ಅದನ್ನೇ ಮಾಡಿದರು. 1950ರ ಹೊತ್ತಿಗೆ ಕಿಸಾನ್ ಕಂಪನಿ, 1951ರಲ್ಲಿ ಮದರಾಸಿನ ಮೆಕ್‌ಡೊವೆಲ್, ಆಮೇಲೆ ಒಂದರ ಹಿಂದೆ ಒಂದು. ನಮ್ಮ ಮಕ್ಕಳು ರೊಟ್ಟಿಗೆ ಹಚ್ಚಿಕೊಂಡು ತಿಂದ ಕಿಸಾನ್ ಜಾಮು ಆ ಮನೆಯದೇ ಎಂದು ನಮಗೆ ಬಹಳ ವರ್ಷ ಗೊತ್ತಿರಲಿಲ್ಲ. ಗೊತ್ತಾಗದಂತೆಯೇ ಅವರು ಇದ್ದರು. ಪತ್ರಿಕೆಗಳಿಂದ ದೂರ, ಆಡಂಬರದಿಂದ ದೂರ. ಕೊಂಡ ಕಂಪನಿಗಳೂ ಹೆಚ್ಚಾಗಿ ಅಂಥವೇ: ಹೆಸರು ಮೊದಲೇ ಪೇಟೆಯಲ್ಲಿ ನಿಂತಿದೆ, ದಿನವೂ ಗಿರಾಕಿ ಬರುತ್ತಾನೆ, ಕೊಂಡ ಮರುದಿನದಿಂದಲೇ ಗಲ್ಲೆಗೆ ಹಣ ಬೀಳುತ್ತದೆ. ಬೆಂಗಳೂರಿನಲ್ಲಿ ಇಂದು ವಿಠ್ಠಲ ಮಲ್ಯ ರಸ್ತೆ ಎಂದು ಇರುವುದು ಅವರ ಹೆಸರಿನಿಂದಲೇ.

1983ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅರವತ್ತು ತುಂಬಿರಲಿಲ್ಲ.

ಮಗ

ವಿಜಯ ಮಲ್ಯ ಹುಟ್ಟಿದ್ದು 1955ರ ಡಿಸೆಂಬರ್ 18ರಂದು. ತಂದೆಯ ಗಾದಿ ಬಂದಾಗ ಇಪ್ಪತ್ತೇಳು ಮುಗಿದಿತ್ತು. ಮಗನ ಮೇಲೆ ಈಗ ಎಲ್ಲರೂ ಕಲ್ಲು ಎಸೆಯುತ್ತಾರೆ. ಆದರೆ ವ್ಯಾಪಾರಿಯಾದವನು ತಕ್ಕಡಿ ಸರಿಯಾಗಿ ಹಿಡಿಯಬೇಕು. ಮೊದಲ ಇಪ್ಪತ್ತು ವರ್ಷ ಅವರು ನಡೆಸಿದ ವ್ಯಾಪಾರ ದಡ್ಡರ ವ್ಯಾಪಾರವಲ್ಲ. ತಮಗೆ ಸರಿಹೊಂದದ ಬಾಬತ್ತುಗಳನ್ನು ಮಾರಿದರು. ಬರ್ಜರ್ ಪೇಂಟ್ಸ್ 1991ರಲ್ಲಿ ದಿಲ್ಲಿಯ ಧಿಂಗ್ರಾ ಸಹೋದರರಿಗೆ ಹೋಯಿತು, ಕಿಸಾನ್ 1993ರಲ್ಲಿ ಬ್ರೂಕ್ ಬಾಂಡ್ ಕಂಪನಿಗೆ ಹೋಯಿತು. ಮಂಗಳೂರು ರಾಸಾಯನಿಕ ಗೊಬ್ಬರ ಕಾರ್ಖಾನೆಯನ್ನು ಹಿಡಿತಕ್ಕೆ ತೆಗೆದುಕೊಂಡರು. ಪಣಂಬೂರಿನಿಂದ ಬರುವ ಯೂರಿಯಾ ಚೀಲ ಕರ್ನಾಟಕದ ರೈತರಿಗೆಲ್ಲ ಪರಿಚಯ.

ಷಾ ವ್ಯಾಲೇಸ್ ಪ್ರಕರಣ ಅವರ ಹಟಕ್ಕೆ ಸಾಕ್ಷಿ. ಕಲ್ಕತ್ತೆಯ ಆ ಹಳೆಯ ಕಂಪನಿಯನ್ನು ಹಿಡಿಯಲು 1980ರ ದಶಕದ ನಡುವೆ ದುಬೈ ವ್ಯಾಪಾರಿ ಮನು ಛಾಬ್ರಿಯಾ ಅವರೊಡನೆ ಕೈಜೋಡಿಸಿದರು. ಪಾಲುಗಾರಿಕೆ ಮುರಿಯಿತು, ಕಂಪನಿ ಛಾಬ್ರಿಯಾರ ಪಾಲಾಯಿತು. ಮಲ್ಯರು ಮರೆಯಲಿಲ್ಲ. ಛಾಬ್ರಿಯಾ 2002ರಲ್ಲಿ ತೀರಿಕೊಂಡರು. 2005ರಲ್ಲಿ ಅವರ ಮನೆಯವರಿಂದ ಸುಮಾರು 1,300 ಕೋಟಿ ರೂಪಾಯಿಗೆ ಮಲ್ಯರು ಅದೇ ಕಂಪನಿಯನ್ನು ಕೊಂಡರು. ಇಪ್ಪತ್ತು ವರ್ಷ ಕಾಯ್ದು ಕೊಂಡದ್ದು! ಎಲ್ಲವನ್ನೂ ಕೂಡಿಸಿ ಕಟ್ಟಿದ ಯುನೈಟೆಡ್ ಸ್ಪಿರಿಟ್ಸ್ 2009-10ರಲ್ಲಿ ಹತ್ತು ಕೋಟಿ ಪೆಟ್ಟಿಗೆ ಮಾರಾಟ ಮಾಡಿತು. ತಂದೆ ಬಿಟ್ಟುಹೋದದ್ದನ್ನು ಮಗ ಎಷ್ಟೋ ಪಟ್ಟು ಬೆಳೆಸಿದ್ದು ನಿಜ.

ವಿಮಾನ

ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಮೊದಲ ವಿಮಾನ 2005ರ ಮೇ ತಿಂಗಳಲ್ಲಿ ಹಾರಿತು. ನಾವೂ ಒಮ್ಮೆ ಹೈದರಾಬಾದಿನಿಂದ ಬೆಂಗಳೂರಿಗೆ ಮದುವೆಗೆಂದು ಅದರಲ್ಲಿ ಹೋಗಿದ್ದೆವು. ಬಾಗಿಲಿನಿಂದ ಕುರ್ಚಿಯವರೆಗೆ ಉಪಚಾರ. ನಮ್ಮ ಮನೆಯವರು ಕಿವಿಯಲ್ಲಿ ಕೇಳಿದರು, "ಇಷ್ಟೆಲ್ಲಾ ಕೊಟ್ಟರ ಇವರಿಗೆ ಏನು ಉಳಿತದರೀ?" ಆಗ ನಾವು ನಕ್ಕೆವು. ಆ ವಿಮಾನ ಕಂಪನಿ ಒಂದು ವರ್ಷವೂ ಲಾಭ ಕಾಣಲಿಲ್ಲ. ನಮ್ಮ ಮನೆಯವರ ಪ್ರಶ್ನೆಯನ್ನು ಬ್ಯಾಂಕಿನ ದೊಡ್ಡವರು ಕೇಳಿದ್ದರೆ ಒಳ್ಳೆಯದಿತ್ತು.

2007ರ ಮೇ ತಿಂಗಳಿಂದ 2008ರ ಜನವರಿವರೆಗೆ, ಕೇವಲ ಒಂಬತ್ತು ತಿಂಗಳಲ್ಲಿ, ಆ ಮನೆ ಏನೇನು ಕೊಂಡಿತು ನೋಡಿ. ಸ್ಕಾಟ್ಲೆಂಡಿನ ವೈಟ್ ಅಂಡ್ ಮೆಕೆ ಕಂಪನಿಗೆ 59 ಕೋಟಿ 50 ಲಕ್ಷ ಪೌಂಡು. ಏರ್ ಡೆಕ್ಕನ್‌ನ ನೂರಕ್ಕೆ 26 ಪಾಲಿಗೆ ಸುಮಾರು 550 ಕೋಟಿ ರೂಪಾಯಿ. ಫಾರ್ಮುಲಾ ಒನ್ ಕಾರು ಪಂದ್ಯದ ಒಂದು ತಂಡ. ಬೆಂಗಳೂರು ಕ್ರಿಕೆಟ್ ತಂಡಕ್ಕೆ 11 ಕೋಟಿ 16 ಲಕ್ಷ ಡಾಲರ್. ತಂದೆ ಕೊಂಡದ್ದು ಎಲ್ಲರೂ ಮಾರುವಾಗ. ಮಗ ಇವನ್ನು ಕೊಂಡದ್ದು ಎಲ್ಲರೂ ಕೊಳ್ಳುವಾಗ, ಬೆಲೆ ನೆತ್ತಿಗೇರಿದಾಗ, ಅದರಲ್ಲೂ ದೊಡ್ಡ ಪಾಲು ಸಾಲದ ಹಣದಲ್ಲಿ.

ಏರ್ ಡೆಕ್ಕನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಕಡಿಮೆ ದರದ ವಿಮಾನ ಓಡಿಸಿ, ರೈಲಿನವರನ್ನು ವಿಮಾನಕ್ಕೆ ಹತ್ತಿಸಿದವರು. ಅವರ ಕಂಪನಿ ನಷ್ಟದಲ್ಲಿತ್ತು, ಬಂಡವಾಳ ಬೇಕಾಗಿತ್ತು. ಮಲ್ಯರಿಗೆ ಅದರಲ್ಲಿ ಬೇರೊಂದು ಲಾಭ ಕಂಡಿತು. ಆಗಿನ ಕಟ್ಟಳೆಯಂತೆ ಐದು ವರ್ಷ ದೇಶದೊಳಗೆ ಹಾರಿದ ಕಂಪನಿಗೆ ಮಾತ್ರ ಹೊರದೇಶಕ್ಕೆ ಹಾರಲು ಪರವಾನಗಿ. ಕಿಂಗ್‌ಫಿಷರ್‌ಗೆ ಐದು ವರ್ಷ ಆಗಿರಲಿಲ್ಲ, ಡೆಕ್ಕನ್‌ಗೆ 2008ರಲ್ಲಿ ಆಗುತ್ತಿತ್ತು. ಎರಡನ್ನೂ ಕೂಡಿಸಿ 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ವಿಮಾನ ಹಾರಿಸಿದರು. ಎರಡು ವರ್ಷ ಕಾಯುವ ಬದಲು ಒಂದು ನಷ್ಟದ ಕಂಪನಿಯನ್ನು ತಲೆಗೆ ಕಟ್ಟಿಕೊಂಡರು. ಷಾ ವ್ಯಾಲೇಸ್‌ಗಾಗಿ ಇಪ್ಪತ್ತು ವರ್ಷ ಕಾದ ಮನುಷ್ಯನಿಗೆ ಇಲ್ಲಿ ಎರಡು ವರ್ಷದ ತಾಳ್ಮೆ ಸಾಲದಾಯಿತು.

ಅದೇ 2008ರ ಜುಲೈನಲ್ಲಿ ಕಚ್ಚಾ ತೈಲ ಪೀಪಾಯಿಗೆ 147 ಡಾಲರ್ ಮುಟ್ಟಿತು. ಸೆಪ್ಟೆಂಬರಿನಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದವು. 2008-09ರಲ್ಲಿ ವಿಮಾನ ಕಂಪನಿಯ ನಷ್ಟ 1,600 ಕೋಟಿ ಮೀರಿತು. 2011-12ರಲ್ಲಿ 2,328 ಕೋಟಿ.

ಸಹಿ

ಇಲ್ಲಿಯವರೆಗೆ ಕೇಳಿದ ಮಗ, "ನಷ್ಟ ಯಾರಿಗಾಗಂಗಿಲ್ಲ ಅಪ್ಪಾ? ವಿಮಾನದ ಕಂಪನಿ ಮುಳುಗಿದ್ರ ಅದೊಂದೇ ಮುಳುಗಬೇಕಿತ್ತು. ಉಳಿದದ್ದು ಹೆಂಗ ಹೋತು?" ಎಂದ. ಪ್ರಶ್ನೆ ಬಹಳ ಸರಿಯಾದದ್ದು. ಕಥೆಯ ಗಂಟು ಇರುವುದೇ ಇಲ್ಲಿ.

ಲಿಮಿಟೆಡ್ ಕಂಪನಿ ಎಂದರೆ ಹೊಣೆಗೆ ಎಲ್ಲೆ ಇರುವ ಕಂಪನಿ. ವಿಮಾನದ ಕಂಪನಿ ಸಾಲ ತೀರಿಸದಿದ್ದರೆ ಸಾಲ ಕೊಟ್ಟವರು ಅದರ ಆಸ್ತಿಯನ್ನು ಹಿಡಿಯಬಹುದು. ಯಜಮಾನನ ಮನೆಯನ್ನಾಗಲಿ, ಅವನ ಬೇರೆ ಕಂಪನಿಯನ್ನಾಗಲಿ ಮುಟ್ಟುವಂತಿಲ್ಲ. ಬಿಯರ್ ಕಂಪನಿ ಬೇರೆ, ಮದ್ಯದ ಕಂಪನಿ ಬೇರೆ, ವಿಮಾನದ್ದು ಬೇರೆ. ನಡುವೆ ಗೋಡೆ ಇತ್ತು. ಆ ಗೋಡೆ ಒಡೆದದ್ದು ಸಹಿಯಿಂದ.

ಸಾಲ ಕಟ್ಟಲಾಗದೆ 2010ರಲ್ಲಿ ಬ್ಯಾಂಕುಗಳೊಡನೆ ಹೊಸ ಒಪ್ಪಂದವಾಯಿತು. ಆ ವರ್ಷ ಡಿಸೆಂಬರ್ 21ರಂದು ವಿಜಯ ಮಲ್ಯರು ಸ್ವಂತ ಜಾಮೀನಿಗೆ ಸಹಿ ಹಾಕಿದರು. ಅಷ್ಟೇ ಅಲ್ಲ, ಗುಂಪಿನ ತಾಯಿ ಕಂಪನಿಯಾದ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್ ಕೂಡ ಜಾಮೀನು ನಿಂತಿತು. ತಂದೆ 1947ರಿಂದ ಕಟ್ಟಿದ್ದೆಲ್ಲ ಒಂದು ದಿನದ ಕಾಗದದ ಮೇಲೆ ವಿಮಾನದ ಸಾಲಕ್ಕೆ ಗಂಟುಬಿತ್ತು. ಕಿಂಗ್‌ಫಿಷರ್ ಎಂಬ ಹೆಸರನ್ನೂ ಅಡವಿಟ್ಟರು. ಆ ಹೆಸರಿಗೇ 4,000 ಕೋಟಿಗೂ ಮೇಲೆ ಬೆಲೆ ಕಟ್ಟಲಾಗಿತ್ತು. 2011ರಲ್ಲಿ ಬ್ಯಾಂಕುಗಳು ತಮ್ಮ ಸಾಲದ ಒಂದು ಭಾಗವನ್ನು ವಿಮಾನ ಕಂಪನಿಯ ಷೇರುಗಳಾಗಿ ಬದಲಿಸಿಕೊಂಡವು. ಪೇಟೆಯಲ್ಲಿ ಸುಮಾರು 40 ರೂಪಾಯಿ ಇದ್ದ ಷೇರಿಗೆ ಅವು ಲೆಕ್ಕ ಹಿಡಿದದ್ದು 64 ರೂಪಾಯಿ 48 ಪೈಸೆ! ಅಡತಿ ಅಂಗಡಿಯ ಗುಮಾಸ್ತ ಹೀಗೆ ಮಾಡಿದ್ದರೆ ಸಂಜೆಗೆ ಮನೆಗೆ ಕಳಿಸುತ್ತಿದ್ದೆವು.

2012ರ ಅಕ್ಟೋಬರಿನಲ್ಲಿ ವಿಮಾನಗಳು ನಿಂತವು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಬೀದಿಗೆ ಬಂದರು. ಮುಂದೆ ನಡೆದದ್ದು ಹೀಗೆ. ಮದ್ಯದ ಕಂಪನಿಯ ಹಿಡಿತ ಬ್ರಿಟನ್ನಿನ ಡಿಯಾಜಿಯೊಗೆ ಹೋಯಿತು. ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರ ಆಕ್ಷೇಪದಿಂದ ವೈಟ್ ಅಂಡ್ ಮೆಕೆಯನ್ನು 2014ರಲ್ಲಿ 43 ಕೋಟಿ ಪೌಂಡಿಗೆ ಮಾರಬೇಕಾಯಿತು. ಏಳು ವರ್ಷದಲ್ಲಿ 16 ಕೋಟಿ 50 ಲಕ್ಷ ಪೌಂಡು ಕಡಿಮೆ. ಮಂಗಳೂರಿನ ಗೊಬ್ಬರ ಕಂಪನಿಗೆ 2013-14ರಲ್ಲಿ ಎರಡು ಗುಂಪುಗಳು ಪೈಪೋಟಿಯ ಮೇಲೆ ಲಗ್ಗೆ ಇಟ್ಟವು. ಒಂದು ಕಾಲಕ್ಕೆ ಬೇರೆಯವರ ಕಂಪನಿಗೆ ಲಗ್ಗೆ ಇಟ್ಟವರ ಮನೆಗೇ ಲಗ್ಗೆ ಬಂತು. 2015ರ ಹೊತ್ತಿಗೆ ಅದು ಜುವಾರಿ ಗುಂಪಿನ ಕೈ ಸೇರಿತು. 2016ರ ಮಾರ್ಚ್ 2ರಂದು ಮಲ್ಯರು ದೇಶ ಬಿಟ್ಟು ಲಂಡನ್ನಿಗೆ ಹೋದರು. ಆಗ ಸ್ಟೇಟ್ ಬ್ಯಾಂಕ್ ಮುಂದಾಳುತನದ ಹದಿನೇಳು ಬ್ಯಾಂಕುಗಳು ಹೇಳಿದ ಬಾಕಿ, ಬಡ್ಡಿ ಸೇರಿ 9,000 ಕೋಟಿ ರೂಪಾಯಿ.

ಮುಂದಿನ ತಿಂಗಳು ಕಿಂಗ್‌ಫಿಷರ್ ಹೆಸರನ್ನು ಹರಾಜಿಗೆ ಇಟ್ಟರು. ಕನಿಷ್ಠ ಬೆಲೆ 366 ಕೋಟಿ 70 ಲಕ್ಷ. ಒಬ್ಬನೂ ಕೂಗಲಿಲ್ಲ. 4,000 ಕೋಟಿ ಎಂದು ಅಡವಿಟ್ಟ ಹೆಸರಿಗೆ ಒಂದು ರೂಪಾಯಿಯೂ ಹುಟ್ಟಲಿಲ್ಲ. ಮುಂಬೈಯ ಕಿಂಗ್‌ಫಿಷರ್ ಹೌಸ್‌ಗೆ 2016ರಲ್ಲಿ ಕೇಳಿದ ಬೆಲೆ 150 ಕೋಟಿ. ಹರಾಜಿನ ಮೇಲೆ ಹರಾಜು ಬಿದ್ದು, ಕೊನೆಗೆ 2021ರಲ್ಲಿ ಸುಮಾರು 52 ಕೋಟಿಗೆ ನಮ್ಮ ಹೈದರಾಬಾದಿನ ಒಂದು ಕಂಪನಿ ಕೊಂಡಿತು. ಬ್ಯಾಂಕು ನಮ್ಮ ಆಸ್ತಿಗೆ ಕಟ್ಟುವ ಬೆಲೆ ಒಂದು, ಹರಾಜಿನ ದಿನ ಸಿಗುವ ಬೆಲೆ ಇನ್ನೊಂದು. ಇದನ್ನು ವ್ಯಾಪಾರಿಗಳು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿ, 6,203 ಕೋಟಿಯನ್ನು ನೂರಕ್ಕೆ 11.5 ಬಡ್ಡಿ ಸಮೇತ ವಸೂಲು ಮಾಡಲು ಆದೇಶ ಕೊಟ್ಟಿತು. ಫೆಬ್ರವರಿ 7ರಂದು ಕರ್ನಾಟಕ ಹೈಕೋರ್ಟು ಜಾಮೀನು ನಿಂತ ತಾಯಿ ಕಂಪನಿಯನ್ನೇ ಮುಚ್ಚಲು ಆಜ್ಞೆ ಮಾಡಿತು. ಅದು ಸ್ವಂತಕ್ಕೆ ವಿಮಾನ ಹಾರಿಸಿದ ಕಂಪನಿಯಲ್ಲ. ಅದು ಹೋದದ್ದು ಇನ್ನೊಬ್ಬರ ಸಾಲಕ್ಕೆ ಹಾಕಿದ ಸಹಿಯಿಂದ. ತಂದೆ ಇಪ್ಪತ್ತನಾಲ್ಕರಲ್ಲಿ ಅಧ್ಯಕ್ಷರಾದ ಬಿಯರ್ ಕಂಪನಿಯ ಹಿಡಿತ 2021ರಲ್ಲಿ ಹಾಲೆಂಡಿನ ಹೈನೆಕೆನ್‌ಗೆ ಹೋಯಿತು. 2025ರಲ್ಲಿ ಬೆಂಗಳೂರು ಕ್ರಿಕೆಟ್ ತಂಡ ಮೊದಲ ಸಲ ಕಪ್ಪು ಗೆದ್ದಾಗ ಊರೆಲ್ಲ ಪಟಾಕಿ ಹಾರಿತು. ತಂಡ ಕಟ್ಟಿದವರು ದೂರದೇಶದಲ್ಲಿ ಕೂತಿದ್ದರು.

ಮಲ್ಯರ ಮಾತನ್ನೂ ಹೇಳಬೇಕಾದದ್ದು ನ್ಯಾಯ. ಸಾಲ ತೀರಿಸಲು ತಾವು ಮುಂದೆ ಬಂದರೂ ಬ್ಯಾಂಕುಗಳು ಒಪ್ಪಲಿಲ್ಲ ಎನ್ನುತ್ತಾರೆ. ಅವರ ಆಸ್ತಿಗಳಿಂದ 14,131 ಕೋಟಿಗೂ ಹೆಚ್ಚು ಹಣ ಸರಕಾರಿ ಬ್ಯಾಂಕುಗಳಿಗೆ ಮರಳಿದೆ ಎಂದು 2024ರ ಡಿಸೆಂಬರಿನಲ್ಲಿ ಹಣಕಾಸು ಮಂತ್ರಿಗಳೇ ಲೋಕಸಭೆಯಲ್ಲಿ ಹೇಳಿದರು. ಕೊಡಬೇಕಾದ್ದಕ್ಕಿಂತ ಹೆಚ್ಚು ತೆಗೆದುಕೊಂಡಿದ್ದಾರೆ ಎಂದು ಮಲ್ಯರು 2025ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋದರು. ಇನ್ನೊಂದು ಕಡೆ, 2019ರ ಜನವರಿಯಲ್ಲಿ ಮುಂಬೈಯ ವಿಶೇಷ ನ್ಯಾಯಾಲಯ ಅವರನ್ನು ದೇಶ ಬಿಟ್ಟು ಓಡಿದ ಆರ್ಥಿಕ ಅಪರಾಧಿ ಎಂದು ಸಾರಿದೆ. 2022ರಲ್ಲಿ ನ್ಯಾಯಾಂಗ ನಿಂದನೆಗಾಗಿ ಸುಪ್ರೀಂ ಕೋರ್ಟು ನಾಲ್ಕು ತಿಂಗಳ ಶಿಕ್ಷೆ ಹೇಳಿದೆ. ಮೋಸ ಮಾಡಿದರೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಆದರೆ ಮೋಸವೇ ಇಲ್ಲ ಎಂದಿಟ್ಟುಕೊಂಡರೂ ಆ ಸಹಿಯ ಫಲ ಬದಲಾಗುತ್ತಿರಲಿಲ್ಲ. ಪ್ರಾಮಾಣಿಕನ ಸಹಿಗೂ ಬಡ್ಡಿ ಅಷ್ಟೇ ಏರುತ್ತದೆ.

ಕಾಯಿದೆ ಏನು ಹೇಳುತ್ತದೆ

ನಮ್ಮಲ್ಲಿ ಬಹಳ ಜನ ಜಾಮೀನು ಎಂದರೆ ಒಂದು ಮರ್ಯಾದೆಯ ಮಾತು ಎಂದು ತಿಳಿದಿದ್ದಾರೆ. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಬೇರೆ ರೀತಿ ಕರಾರು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಸಾಲಗಾರನನ್ನು ಹಿಡಿಯಿರಿ, ಆಮೇಲೆ ನಮ್ಮ ಹತ್ತಿರ ಬನ್ನಿ ಎಂದು ಹೇಳಲು ಬರುವುದಿಲ್ಲ. ಬ್ಯಾಂಕು ನೇರವಾಗಿ ನಮ್ಮ ಬಾಗಿಲಿಗೇ ಬರಬಹುದು. ಕಂಪನಿ ದಿವಾಳಿ ಎದ್ದು ಅದರ ಸಾಲ ಇತ್ಯರ್ಥವಾದ ಮಾತ್ರಕ್ಕೆ ಅದಕ್ಕೆ ಸಹಿ ಹಾಕಿದವನು ಬಿಡುಗಡೆಯಾಗುವುದಿಲ್ಲ ಎಂದು 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಪ್ರೈವೇಟ್ ಲಿಮಿಟೆಡ್ ಮಾಡಿಸಿದ್ದೇವೆ, ಮನೆಗೆ ಏನೂ ಆಗದು ಎಂದು ನೆಮ್ಮದಿಯಿಂದ ಇರುವ ತರುಣರು ಇದನ್ನು ಎರಡು ಸಲ ಓದಬೇಕು.

ನಮ್ಮ ಮನೆಯ ಮಾತು

ಈ ಪಾಠವನ್ನು ನಾವು ಮಲ್ಯರಿಂದ ಕಲಿತವರಲ್ಲ. ನಮ್ಮ ತಂದೆಯವರಿಂದ ಕಲಿಯಬಹುದಿತ್ತು, ಕಲಿಯಲಿಲ್ಲ. ಅವರ ಖಾತೆ ವಹಿಯ ಕೊನೆಯಲ್ಲಿ ಒಂದು ಪುಟ ಬೇರೆ ಇರುತ್ತಿತ್ತು. ಮೇಲೆ "ಜಾಮೀನು" ಎಂದಷ್ಟೇ ಬರೆದು, ಕೆಳಗೆ ಯಾರಿಗೆ ಎಷ್ಟಕ್ಕೆ ಸಹಿ ಹಾಕಿದ್ದೇವೆ ಎಂದು ಗುರುತು ಹಾಕುತ್ತಿದ್ದರು. ವರ್ಷದ ಕೊನೆಗೆ ಲೆಕ್ಕ ಮುಗಿಸುವಾಗ ಆ ಮೊತ್ತವನ್ನೂ ಸಾಲದ ಕಡೆಗೇ ಕೂಡಿಸುತ್ತಿದ್ದರು. "ಇದು ನಮ್ಮ ಸಾಲ ಅಲ್ಲಲ್ಲ ಅಪ್ಪಾ" ಎಂದರೆ, "ಸಹಿ ನಂದದನಾ ಇಲ್ಲಾ?" ಎನ್ನುತ್ತಿದ್ದರು. ಅವರು ತೀರಿಕೊಂಡಾಗ ಆ ಪುಟದಲ್ಲಿ ಐದು ಹೆಸರು ಇದ್ದವು. ಮೂರಕ್ಕೆ ಗೆರೆ ಎಳೆದಿತ್ತು. ಉಳಿದ ಇಬ್ಬರ ಮನೆಗೆ ನಾವೇ ಹೋಗಿ ಮಾತಾಡಿ ಬಿಡಿಸಿಕೊಂಡು ಬಂದೆವು. ಯಾವ ಜಗಳವೂ ಆಗಲಿಲ್ಲ.

ಆಮೇಲೆ ನಾವು ಯಜಮಾನರಾದೆವು. ಆ ಪುಟ ಬರೆಯುವುದನ್ನು ಬಿಟ್ಟೆವು. ಸಂಬಂಧಿಕರೊಬ್ಬರು ಕಲ್ಲಿನ ಪಾಲಿಶ್ ಕಾರ್ಖಾನೆ ಹಾಕಲು ಸಾಲ ಕೇಳಿದಾಗ ಮದುವೆಮನೆಯ ಗದ್ದಲದಲ್ಲಿ ಸಹಿ ಹಾಕಿದೆವು. ಓದಲೂ ಇಲ್ಲ, ಬರೆದಿಡಲೂ ಇಲ್ಲ, ಮನೆಯಲ್ಲಿ ಹೇಳಲೂ ಇಲ್ಲ. ನಾಲ್ಕು ವರ್ಷದ ಮೇಲೆ ನೋಟೀಸು ಬಂದಾಗ ಅದನ್ನು ಮೊದಲು ಓದಿದ್ದು ನಮ್ಮ ಮನೆಯವರು. ಮಗಳ ಹೆಸರಿನಲ್ಲಿ ಇಟ್ಟಿದ್ದ ನಿವೇಶನ ಮಾರಿ ಹಣ ಕಟ್ಟಿದೆವು. ಹಣ ಹೋದದ್ದಕ್ಕಿಂತ, ನಮ್ಮ ಮನೆಯವರು ಆ ದಿನ ಒಂದು ಮಾತೂ ಆಡದೆ ಕಾಗದವನ್ನು ನಮ್ಮ ಕೈಗೆ ಕೊಟ್ಟದ್ದು ಇಂದಿಗೂ ಮರೆತಿಲ್ಲ. ತಪ್ಪು ಆ ಸಂಬಂಧಿಕರದಲ್ಲ, ಅವರ ವ್ಯಾಪಾರ ಕೂಡಲಿಲ್ಲ, ಅಷ್ಟೇ. ತಪ್ಪು ನಮ್ಮದು.

ಇದನ್ನು ಮಕ್ಕಳಿಗೆ ನಾವು ಎಂದೂ ಹೇಳಿರಲಿಲ್ಲ. ಆ ರಾತ್ರಿ ಹೇಳಿದೆವು. ಕಿರಿಯ ಮಗ ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ, "ಹಂಗಾದ್ರ ಎಂದೂ ಸಾಲಾನೇ ಮಾಡಬಾರದೇನಪ್ಪಾ?" ಎಂದು ಕೇಳಿದ.

ನಾವು ಹಾಗೆ ಹೇಳುವವರಲ್ಲ. ಸಾಲವಿಲ್ಲದೆ ಸುಗ್ಗಿಯ ಖರೀದಿ ನಡೆಯುವುದಿಲ್ಲ. ಬ್ಯಾಂಕಿನವರು ಜಾಮೀನು ಕೇಳುವುದೂ ಅವರ ನಿಯಮ. ಆದರೆ ಅಳತೆ ಬೇಕು. ನಮ್ಮ ಧರ್ಮದಲ್ಲಿ ಪರಿಗ್ರಹ ಪರಿಮಾಣ ಎಂಬ ಅಣುವ್ರತವನ್ನು ಗೃಹಸ್ಥರಿಗೆಂದೇ ಹೇಳಿದ್ದಾರೆ. ಇಷ್ಟು ಸಾಕು ಎಂದು ತನಗೆ ತಾನೇ ಮೊದಲೇ ಎಲ್ಲೆ ಹಾಕಿಕೊಳ್ಳುವುದು ಅದು. ನಾವು ಅದನ್ನು ಆಸ್ತಿಗೆ ಮಾತ್ರ ಎಂದು ತಿಳಿದಿದ್ದೇವೆ. ಸಹಿಗೂ ಅದು ಬೇಕು ಎಂದು ಈಗ ಅನಿಸುತ್ತದೆ.

ಮರುದಿನ ಇಬ್ಬರೂ ಮಕ್ಕಳೊಡನೆ ಕೂತು ಒಂದೇ ಪ್ರಶ್ನೆ ಹಾಕಿಕೊಂಡೆವು. ಮಿಲ್ಲು ಒಂದು ದಿನವೂ ನಡೆಯದೆ ಬಾಗಿಲು ಹಾಕಿದರೆ, ಹಳೆಯ ಅಂಗಡಿಯ ಆದಾಯದಿಂದ ಎಷ್ಟು ಸಾಲ ತೀರಿಸಬಲ್ಲೆವು? ಬಂದ ಉತ್ತರ ಮಿಲ್ಲಿನ ಬೆಲೆಯ ಅರ್ಧಕ್ಕೂ ಸಾಲಲಿಲ್ಲ. ಮಿಲ್ಲಿನ ಯಜಮಾನರ ಹತ್ತಿರ ಹೋಗಿ ಎರಡು ಸುಗ್ಗಿಗೆ ಬಾಡಿಗೆಗೆ ಕೇಳಿದೆವು. ಒಪ್ಪಿದರು. ತೊಗರಿ ಖರೀದಿಗೆ ಬೇಕಾದಷ್ಟು ಮಾತ್ರ ಸಾಲ ತೆಗೆದೆವು. ಮನೆಯ ಪತ್ರ ಪೆಟ್ಟಿಗೆಯಲ್ಲೇ ಉಳಿಯಿತು. ಕಿರಿಯ ಮಗನಿಗೆ ಇದು ಪೂರ್ತಿ ಸಮಾಧಾನವಾಗಿಲ್ಲ. ನಾಳೆ ಆ ಮಿಲ್ಲು ಬೇರೆಯವರ ಪಾಲಾದರೆ ಅಪ್ಪನ ಅಂಜುಬುರುಕತನದಿಂದ ಹೋಯಿತು ಎಂದಾನು. ಅನ್ನಲಿ. ಎರಡು ಸುಗ್ಗಿಯಲ್ಲಿ ಲೆಕ್ಕ ಕೂಡಿದರೆ ಅವನೇ ಕೊಳ್ಳಲಿ, ನಾವು ಸಂತೋಷದಿಂದ ಸಹಿ ಹಾಕುತ್ತೇವೆ.

ವಾಚಕ ಬಂಧುಗಳೇ, ಪ್ರತಿ ದೀಪಾವಳಿಗೆ, ಭಗವಾನ್ ಮಹಾವೀರರ ನಿರ್ವಾಣದ ದಿನ, ನಾವೆಲ್ಲ ಹೊಸ ವಹಿಗೆ ಪೂಜೆ ಮಾಡುತ್ತೇವೆ. ಈಗ ವಹಿ ಕಂಪ್ಯೂಟರಿನೊಳಗೆ ಹೋಗಿದೆ, ಪೂಜೆಗೆ ಮಾತ್ರ ಒಂದು ಪುಸ್ತಕ ಇಡುತ್ತೇವೆ. ಆ ಖಾಲಿ ಪುಸ್ತಕದ ಕೊನೆಯ ಪುಟವನ್ನು ಈ ವರ್ಷ ಉಪಯೋಗಿಸಿರಿ. ಮೇಲೆ "ಜಾಮೀನು" ಎಂದು ಬರೆಯಿರಿ. ಯಾರಿಗೆ, ಎಷ್ಟಕ್ಕೆ, ಯಾವ ತಾರೀಖಿನಂದು ಸಹಿ ಹಾಕಿದ್ದೀರಿ ಎಂದು ನೆನಪು ಮಾಡಿಕೊಂಡು ಬರೆದು, ಹೆಂಡತಿ ಮಕ್ಕಳನ್ನು ಕರೆದು ತೋರಿಸಿರಿ. ಸಾಲ ತೀರಿದವುಗಳಿಗೆ ಬ್ಯಾಂಕಿನಿಂದ ಬಿಡುಗಡೆಯ ಕಾಗದ ಕೇಳಿ ತೆಗೆದುಕೊಂಡು ಗೆರೆ ಎಳೆಯಿರಿ. ನಮ್ಮ ವಹಿಯಲ್ಲಿ ಈಗ ಆ ಪುಟ ಮತ್ತೆ ಇದೆ. ಅದರಲ್ಲಿ ಒಂದು ಸಾಲು ಬರೆದಿದೆ, ಕಿರಿಯ ಮಗನ ಕೈಬರಹದಲ್ಲಿ.